ಮೇಸ್ತ್ರಿ ತಾತನ ಮೂವರು ಸೊಸೆಯರು

ಮೊನ್ನೆ ನಮ್ಮ ಸೊಸೆ ಆನ್‌ಲೈನಿನಲ್ಲಿ ಒಂದು ಪೊಟ್ಟಣ ತರಿಸಿದಳು. ಮಹಡಿಯ ಮೇಲಿನ ಹೂಕುಂಡಗಳಿಗೆ ಮಣ್ಣು ತುಂಬುವ, ಕೆದಕುವ ಪುಟ್ಟ ಸಲಕರಣೆಗಳು. ಒಂದು ಅಗಲ, ಒಂದು ಸಪೂರ, ಇನ್ನೊಂದಕ್ಕೆ ಮೂರು ಹಲ್ಲು. ಹಿಡಿಗಳೆಲ್ಲ ಗಿಣಿಹಸಿರು ಪ್ಲಾಸ್ಟಿಕ್. “ಅತ್ತೆ, ಇದ್ರಲ್ಲಿ ಯಾವ್ದು ಯಾವ್ದಕ್ಕೆ?” ಎಂದು ನನ್ನ ಕೈಗೇ ಕೊಟ್ಟಳು. ಸಪೂರದ್ದನ್ನು ಹಿಡಿದೆ ನೋಡಿ, ನನ್ನ ಹೆಬ್ಬೆರಳು ತಾನಾಗಿಯೇ ಹೋಗಿ ಹಿಡಿ ಮತ್ತು ಅಲಗು ಕೂಡುವ ಕಡೆ ಕೂತುಬಿಟ್ಟಿತು. ಹಾಗೆ ಹಿಡಿಯುವುದನ್ನು ನನಗೆ ಕಲಿಸಿದವರು ಮೇಸ್ತ್ರಿ ತಾತ. ಎಷ್ಟು ವರ್ಷವಾಯಿತು ಅವರು ಹೋಗಿ...

ಆಗಿನ್ನೂ ನಾನು ಹೊಸ ಮದುವಣಗಿತ್ತಿ. ಎಂಬತ್ತರ ದಶಕ ಶುರುವಾಗಿತ್ತಷ್ಟೆ. ನಮ್ಮವರಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ. ಕಾರ್ಖಾನೆಯ ಸೈರನ್ ಕೇಳುವಷ್ಟು ಹತ್ತಿರದಲ್ಲೇ ಒಂದು ಚಿಕ್ಕ ಸೈಟು ಮಾಡಿಕೊಂಡು ಮನೆ ಕಟ್ಟಿಸುತ್ತಿದ್ದೆವು. ಅವರು ಶಿಫ್ಟು ಶಿಫ್ಟು ಎಂದು ಓಡುತ್ತಿದ್ದರು. ಗೋಡೆಗೆ ನೀರು ಹಾಕುವುದು, ಕೆಲಸದವರಿಗೆ ಕಾಫಿ ಕಾಯಿಸುವುದು, ಮೇಸ್ತ್ರಿಯ ಬೈಗುಳ ತಿನ್ನುವುದು ಎಲ್ಲ ನನ್ನ ಪಾಲಿಗೆ.

ಬೈಗುಳ ಎಂದರೆ ಬೈಗುಳವೇ. ಇಟ್ಟಿಗೆ ನೆನೆಸಿದ್ದು ಕಡಿಮೆಯಾದರೂ ಬೈಗುಳ, ಕಾಫಿಗೆ ಸಕ್ಕರೆ ಕಡಿಮೆಯಾದರೂ ಬೈಗುಳ. ಜೊತೆಗೆ ಜಂಬವೋ ಜಂಬ! ಈ ಸುತ್ತಿನಲ್ಲಿ ಕಣ್ಣಿಗೆ ಬೀಳುವ ಒಳ್ಳೆಯ ಗೋಡೆಯೆಲ್ಲ ಅವರೇ ಕಟ್ಟಿದ್ದು, ಬಿರುಕು ಬಿಟ್ಟಿದ್ದೆಲ್ಲ ಬೇರೆಯವರು ಕಟ್ಟಿದ್ದು. ನನಗೆ ಮೊದಲ ವಾರ ಅಳು ಬರುತ್ತಿತ್ತು, ಎರಡನೆಯ ವಾರದಿಂದ ನಗು ಬರತೊಡಗಿತು.

ಅವರ ಗೋಣಿಚೀಲದಲ್ಲಿ ಮೂರು ಕರಣೆಗಳಿದ್ದವು. ಗಾರೆ ಕೆಲಸದವರು ಸಿಮೆಂಟು ಎತ್ತಿ ಬಳಿಯುವ ಉಕ್ಕಿನ ಅಲಗಿಗೆ ಕರಣೆ ಎನ್ನುತ್ತಾರೆ. ಕೊಬ್ಬರಿ ಎಣ್ಣೆ ಸವರಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಇಡುತ್ತಿದ್ದರು. ತಾತನಿಗೆ ಮಕ್ಕಳಿರಲಿಲ್ಲ, ಹೆಂಡತಿ ತೀರಿಹೋಗಿದ್ದರು. “ಮಗ ಇಲ್ದೇ ಇದ್ರೂ ಮೂರು ಜನ ಸೊಸೆದೀರವ್ರೆ ತಾಯಿ ನಂಗೆ” ಎಂದು ಕರಣೆಗಳನ್ನು ತೋರಿಸುತ್ತಿದ್ದರು. “ದೊಡ್ಡೋಳು ಹೊರೋಕೆ, ನಡುವಿನೋಳು ಸಂದೀಲಿ ಬಾಯಿ ಹಾಕೋಕೆ, ಕಿರಿಯೋಳು ಸಿಂಗಾರಕ್ಕೆ.”

ದೊಡ್ಡ ಸೊಸೆಯೆಂದರೆ ಅಗಲವಾದ ಕರಣೆ. ಬಾಂಡ್ಲಿಯಿಂದ ಒಂದೇ ಸಲಕ್ಕೆ ಇಟ್ಟಿಗೆಗೆ ಬೇಕಾದಷ್ಟು ಗಾರೆ ಎತ್ತುತ್ತಿತ್ತು. ನಡುವಿನವಳು ಮೊನಚು ಮೂತಿಯವಳು, ಇಟ್ಟಿಗೆ ಸಂದುಗಳಿಗೆ ಗಾರೆ ತುಂಬಿ ಗೆರೆ ಎಳೆಯುವವಳು. ಕಿರಿಯವಳು ತೆಳ್ಳಗೆ, ಸವೆದು ಸವೆದು ಕನ್ನಡಿಯ ಹಾಗಾಗಿದ್ದಳು. ಅವಳು ಹೊರಗೆ ಬರುತ್ತಿದ್ದುದು ಒಂದೇ ಕೆಲಸಕ್ಕೆ, ಕೆಂಪು ನೆಲಕ್ಕೆ ಹೊಳಪು ತರುವುದಕ್ಕೆ. ಈ ಮೂವರನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ನಾನು ಬಿಡಬೇಕಲ್ಲ? ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿ ಹಾಕಿ, ಕೊನೆಗೆ ತುಳಸಿಕಟ್ಟೆ ನಯ ಮಾಡಲು ಕಿರಿಯವಳನ್ನು ಇಸಿದುಕೊಂಡೆ. ತವರಿನಲ್ಲಿ ಸಗಣಿ ಸಾರಿಸಿ ಪಳಗಿದ ಕೈ ನನ್ನದು. ತಾತ ಕಟ್ಟೆಯ ಮೇಲೆ ಅಂಗೈ ಆಡಿಸಿ, “ಪರ್ವಾಗಿಲ್ಲ” ಎಂದರು. ಅವರ ಬಾಯಲ್ಲಿ ಅಷ್ಟು ಬಂದಿದ್ದೇ ಹೆಚ್ಚು.

ಆದರೆ ಆ ದಿನಗಳಲ್ಲೇ ನಾನೊಂದು ಗಮನಿಸಿದ್ದೆ. ತಾತ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಬಲಗೈ ನಡುಗುತ್ತಿತ್ತು. ಕೇಳಿದರೆ ಚಳಿ ಎನ್ನುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಎಲ್ಲಿಯ ಚಳಿ?

ಅವರ ಸೋದರಳಿಯ ಆಗ ದೊಡ್ಡ ಕಂಟ್ರಾಕ್ಟರ್ ಆಗುತ್ತಿದ್ದ. ಕಾರ್ಖಾನೆಯೊಂದರ ಕ್ವಾರ್ಟರ್ಸ್ ಕಟ್ಟುವ ಕೆಲಸ ಅವನಿಗೆ ಸಿಕ್ಕಿತ್ತು. ಅಲ್ಲಿನ ನೆಲಗಳೆಲ್ಲ ತಮ್ಮ ಕೈಯಿಂದಲೇ ಆಗಬೇಕೆಂಬುದು ತಾತನ ಆಸೆ. ಅಳಿಯನಿಗೂ ಕೈ ನಡುಗುವ ಸುದ್ದಿ ಮುಟ್ಟಿತ್ತು. “ಈ ಮನೆ ನೆಲ ನೋಡ್ತೀನಿ ಮಾವ. ಚೆನ್ನಾಗಿದ್ರೆ ಕೆಲ್ಸ ನಿಮ್ದೇ. ಇಲ್ಲಾಂದ್ರೆ ವಾಚ್‌ಮನ್ ಆಗಿ ಆರಾಮಾಗಿ ಕೂತ್ಕೊಳ್ಳಿ” ಎಂದು ನಮ್ಮೆದುರಿಗೇ ಹೇಳಿಹೋದ. ಅವತ್ತು ತಾತ ಯಾರನ್ನೂ ಬೈಯಲಿಲ್ಲ. ನನಗೆ ಅದೇ ಭಯವಾಯಿತು.

ಕೆಂಪು ನೆಲದ ಕೆಲಸ ಅರ್ಧಕ್ಕೆ ನಿಲ್ಲಿಸುವಂಥದ್ದಲ್ಲ. ಬಣ್ಣ ಬೆರೆಸಿದ ಸಿಮೆಂಟು ಹಾಸಿ, ಅದು ಬಿಗಿಯುವ ಮೊದಲು ಒಳಗೋಡೆಯಿಂದ ಬಾಗಿಲ ಕಡೆಗೆ ಹಿಂದಹಿಂದಕ್ಕೆ ಸರಿಯುತ್ತಾ ಕರಣೆಯಲ್ಲಿ ಉಜ್ಜಿಕೊಂಡು ಬರಬೇಕು. ನಿಂತರೆ ನೆಲ ಕೆಟ್ಟಿತು. ನಡುಮನೆಯ ನೆಲ ಹಾಕಿದ ದಿನ ತಾತ ಬೆಳಿಗ್ಗೆಯೇ ಹಲಗೆಯ ಮೇಲೆ ಕೂತು ಶುರುಮಾಡಿದರು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತಿಗೇ ಕರಣೆಯ ಅಂಚು ನೆಲವನ್ನು ಕಚ್ಚತೊಡಗಿತು. ಒಂದು ಕಡೆ ತಗ್ಗು, ಒಂದು ಕಡೆ ತರಿ. ಸರಿಮಾಡಲು ಹೋದರೆ ಇನ್ನೊಂದು ಗಾಯ. ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದು ಹೇಗೋ ಅರ್ಧ ಕೋಣೆ ದಾಟಿದರು. ಆಮೇಲೆ ನಿಂತುಬಿಟ್ಟರು.

“ಆಗ್ತಾ ಇಲ್ಲ ತಾಯಿ.”

ಅಷ್ಟೇ ಅಂದಿದ್ದು. ಅಯ್ಯೋ, ಆ ಮುಖವನ್ನು ನನಗೆ ನೋಡಲಾಗಲಿಲ್ಲ! ಸೆರಗು ಸಿಕ್ಕಿಸಿಕೊಂಡು ಹಲಗೆ ಹತ್ತಿದೆ. ಅವರು ಹೊಸ್ತಿಲಿಗೆ ಬಂದು ಕೂತರು. “ಎಬ್ಬೆಟ್ಟು ಕುತ್ಗೆ ಮ್ಯಾಗಿಡು... ಮುಂದಿನ ಅಂಚು ಚೂರು ಎತ್ತು... ಅಂಗೇ, ಅಂಗೇ ಎಳಿ... ಉಸ್ರು ಬಿಡೇ ಹುಡುಗಿ, ಸತ್ಗಿತ್ತೀಯ!” ಕೈ ನನ್ನದು, ಮಾತು ಅವರದು. ಬಾಗಿಲಿಗೆ ಬಂದು ತಲುಪಿದಾಗ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ.

ನೆಲ ಒಣಗಿದ ಮೇಲೆ ಅಳಿಯ ಬಂದ. ಚಪ್ಪಲಿ ಬಿಟ್ಟು, ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಅಂಗೈ ಆಡಿಸಿದ. ಅವನ ಮುಖ ಅರಳಿತು. “ಏನ್ ಮಾವ, ಬೆಣ್ಣೆ ಬೆಣ್ಣೆ! ಯಾರು ಹೇಳಿದ್ದು ಕೈ ಹೋಯ್ತು ಅಂತ?” ಎಂದ. ಒಳಗೆ ಹೋಗಿ ಗೋಡೆಯ ಹತ್ತಿರ ಮುಟ್ಟಿದ. “ಇದ್ಯಾಕೆ ಇಂಗಿದೆ? ಯಾವನೋ ಹೊಸಬನ ಕೈಲಿ ಮಾಡ್ಸಿದ್ದೀರಾ. ಇರ್ಲಿ ಬಿಡಿ, ನಾಳಿದ್ದಿಂದ ಕ್ವಾರ್ಟರ್ಸ್‌ಗೆ ಬಂದ್ಬಿಡಿ.”

ನನಗೆ ಹೋದ ಜೀವ ಬಂದಂತಾಯಿತು. ಸುಮ್ಮನಿರಿ, ಸುಮ್ಮನಿರಿ ಎಂದು ತಾತನಿಗೆ ಕಣ್ಣಲ್ಲೇ ಬೇಡಿಕೊಂಡೆ. ಊರಿನ ಒಳ್ಳೆಯ ಗೋಡೆಗಳನ್ನೆಲ್ಲ ತನ್ನದೆನ್ನುತ್ತಿದ್ದ ಮನುಷ್ಯ, ಇದೊಂದು ನೆಲವನ್ನು ತನ್ನದೆಂದರೆ ಏನು ಗಂಟು ಹೋಗುತ್ತಿತ್ತು?

“ಅಲ್ಲ ಕಣಯ್ಯ” ಎಂದರು ತಾತ. “ನೀನು ಮೆಚ್ಕೊಂಡಿದ್ದು ಈ ಹುಡುಗಿ ಮಾಡಿದ್ದು. ಆ ಗೋಡೆ ಕಡೇದು ನಂದು.”

ಅಳಿಯ ಇನ್ನೊಮ್ಮೆ ಆ ತರಿಯ ಮೇಲೆ ಕೈಯಾಡಿಸಿದ. ಪಾಪ, ಕೆಟ್ಟವನೇನಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಅವನು ಹೋದ ಮೇಲೆ ನಾನು ತಾತನ ಮೇಲೆ ರೇಗಾಡಿದೆ, ಕಣ್ಣೀರು ಹಾಕಿದೆ. ಅವರು ಮಾತ್ರ ಎಣ್ಣೆ ಬಟ್ಟೆಯಲ್ಲಿ ಕಿರಿಯವಳನ್ನು ಒರೆಸುತ್ತಾ, “ಕಾಫಿ ಮಾಡು ಹೋಗು” ಎಂದರು.

ತಾತ ವಾಚ್‌ಮನ್ ಆದರು. ಕ್ವಾರ್ಟರ್ಸ್ ಗೇಟಿನಲ್ಲಿ ಕೂತು ಅಲ್ಲಿನ ಗಾರೆಯವರನ್ನೆಲ್ಲ ಬೈಯುತ್ತಿದ್ದರಂತೆ. ಭಾನುವಾರ ನಮ್ಮ ಮನೆಗೆ ಕಾಫಿಗೆ ಬರುತ್ತಿದ್ದರು. ಕುರ್ಚಿ ಹಾಕಿದರೆ ಬೇಡವೆನ್ನುವರು, ನಾನು ಮಾಡಿದ ನುಣುಪಿನ ಕಡೆಯೂ ಕೂರರು. ಸೀದಾ ಒಳಗೋಡೆಗೆ ಒರಗಿ, ತಮ್ಮ ತಗ್ಗುದಿಣ್ಣೆಯ ಮೇಲೆ ಕೂರುವರು. ಯಾಕೆ ತಾತ ಎಂದರೆ, “ಮುಚ್ಕೊಳ್ಳೋಕೆ ತಾಯಿ. ಬಂದೋರು ನೋಡ್ಬಾರ್ದಲ್ಲ” ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವರಿಗೆ ಆ ನೆಲದ ನಾಚಿಕೆ ಕೊನೆಯವರೆಗೂ ಹೋಗಲಿಲ್ಲ ಎಂದು ಈಗ ಅನ್ನಿಸುತ್ತದೆ. ಒಂದು ಭಾನುವಾರ ಬರಲಿಲ್ಲ... ಮುಂದಿನ ಭಾನುವಾರದ ಹೊತ್ತಿಗೆ ಎಲ್ಲ ಮುಗಿದಿತ್ತು.

ಹೋದ ವರ್ಷ ಮಗ ಕೆಳಗಿನ ಆ ಹಳೇ ಮನೆಯನ್ನು ಬಾಡಿಗೆಗೆ ಕೊಡಲು ಟೈಲ್ಸ್ ಹಾಕಿಸಿದ. ನಾನು ಬೇಡವೆಂದೆ, ಯಾರು ಕೇಳುತ್ತಾರೆ? ಟೈಲ್ಸಿನ ಹುಡುಗ ಬಾಗಿಲ ಕಡೆ ನೆಲ ಮುಟ್ಟಿ ತಲೆಯಾಡಿಸಿದ. ಇಷ್ಟು ನುಣುಪಿದ್ದರೆ ಸಿಮೆಂಟು ಕಚ್ಚುವುದಿಲ್ಲ, ಕೊಚ್ಚಲೇಬೇಕು ಅಂದ. ಸುತ್ತಿಗೆ ಉಳಿ ತೆಗೆದುಕೊಂಡು ನನ್ನ ಅರ್ಧ ನೆಲವನ್ನು ಪೂರ್ತಿ ಕೊಚ್ಚಿಹಾಕಿದ. ಮನೆಯೆಲ್ಲ ಕೆಂಪು ಧೂಳು. ಆಮೇಲೆ ಒಳಗೋಡೆಯ ಕಡೆ ಹೋಗಿ ಕೈಯಾಡಿಸಿ, “ಇಲ್ಲಿ ತರಿ ತರಿ ಇದೆ ಅಮ್ಮ, ಚೆನ್ನಾಗಿ ಹಿಡ್ಕೊಳುತ್ತೆ. ಇದನ್ನ ಒಡೆಯೋದು ಬೇಡ” ಎಂದ.

ತಾತನ ಪಾಲು ಟೈಲ್ಸ್ ಕೆಳಗೆ ಹಾಗೇ ಇದೆ, ಒಂದು ಏಟೂ ಬೀಳದೆ. ಓಡಿಹೋಗಿ ಅವರಿಗೆ ಹೇಳಬೇಕು ಅನ್ನಿಸಿತು. ಧೂಳಿನ ನಡುವೆ ನಿಂತು ಅತ್ತುಬಿಟ್ಟೆ.