ಬೇರಲ್ಲದ ಅರಿಷಿಣ

ಮುಧೋಳದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ರೈಜೋಮ್ ಪಾಠ ಬಂತೆಂದರೆ ನನಗೆ ಎಲ್ಲಿಲ್ಲದ ಹುರುಪು. ತವರಿನ ಹಸಿ ಅರಿಷಿಣದ ಗಡ್ಡೆ ಮೇಜಿನ ಮೇಲಿಟ್ಟು ಇದೇನೆಂದು ಕೇಳಿದರೆ ಇಡೀ ತರಗತಿ "ಬೇರ್ರೀ!" ಎಂದು ಕೂಗುತ್ತದೆ. ಬೇರಲ್ಲ, ಅದು ಕಾಂಡ. ಮೇಲೇಳುವ ಬದಲು ಮಣ್ಣೊಳಗೇ ಅಡ್ಡಡ್ಡ ಬೆಳೆಯುತ್ತದೆ, ಅಷ್ಟೇ. ಅದಕ್ಕೆ ಗಿಣ್ಣುಗಳಿವೆ, ಗಿಣ್ಣಿನಲ್ಲಿ ಮೊಗ್ಗುಗಳಿವೆ, ರೈತರು ಕಣ್ಣು ಎನ್ನುವುದು ಅವನ್ನೇ. ತಮಾಷೆಯೆಂದರೆ ಹೆಸರೇ ದಾರಿ ತಪ್ಪಿಸುತ್ತದೆ. ಗ್ರೀಕ್ ಭಾಷೆಯ 'ರೈಜಾ' ಎಂದರೆ ಬೇರು. 'ರೈಜೋಮಾ' ಎಂದರೆ ಬೇರುಗಳ ಮುದ್ದೆ. ಅದೇ ರೈಜೋಮ್ ಆಯಿತು.

ಇದನ್ನು ಒಮ್ಮೆ ಅವ್ವನಿಗೂ ಹೇಳಿದ್ದೆ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅಂದಿನಿಂದ ಮಹಾಲಿಂಗಪುರದ ಹತ್ತಿರದ ನಮ್ಮ ಹೊಲದಲ್ಲಿ ಅರಿಷಿಣ ಬೆಳೆಯುತ್ತಿರುವವಳು ಅವಳೇ. ಆವತ್ತು ಬೀಜದ ಗಡ್ಡೆ ಆರಿಸುತ್ತ ಕೂತಿದ್ದಳು.

"ಕಣ್ಣ ಇಲ್ಲದ್ದ ಬೀಜಕ್ಕ ನಡ್ಯಾಂಗಿಲ್ಲ. ಬೇರಿಗೆಲ್ಲಿ ಕಣ್ಣ ಇರ್ತಾವು? ಇದನ್ನ ಕಲ್ಯಾಕ ಸಾಲಿಗೆ ಹೋಗಬೇಕೇನ?" ಎಂದು ನಕ್ಕಳು. ಆಮೇಲೆ ಕೇಳಿದಳು: "ತಪ್ಪಂತ ಗೊತ್ತಾದ ಮ್ಯಾಲೂ ಹೆಸರ ಯಾಕ ತಿದ್ದಲಿಲ್ಲ?"

"ರೂಢಿ ಆಗೇತಿ ಬೇ."

"ರೂಢಿ ಅಂದ್ರ ಮುಗೀತ ಬಿಡು," ಎಂದು ಮುಂದಿನ ಗಡ್ಡೆಗೆ ಕೈ ಹಾಕಿದಳು.

ಹೋದ ವರ್ಷ ನನ್ನ ಮಗಳ ಮದುವೆ. ಅವ್ವ ತಾನೇ ಬೆಳೆದು, ಕುದಿಸಿ, ಒಣಗಿಸಿ, ಬೀಸಿಸಿದ ಅರಿಷಿಣವನ್ನು ಡಬ್ಬಿ ತುಂಬ ತಂದಿದ್ದಳು. ಮಗಳನ್ನು ಮಣೆಯ ಮೇಲೆ ಕೂರಿಸಿ ಮುತ್ತೈದೆಯರು ಅರಿಷಿಣ ಹಚ್ಚತೊಡಗಿದಾಗ ಅವ್ವ ಅಡುಗೆಮನೆಗೆ ಸರಿದಳು. ಗಂಡನಿಲ್ಲದವಳು ಮದುಮಗಳಿಗೆ ಅರಿಷಿಣ ಮುಟ್ಟಿಸಬಾರದಂತೆ. ಶರಣರ ವಚನ ಬಾಯಿಪಾಠ ಮಾಡಿಸುವ ಮನೆತನ ನಮ್ಮದು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ನನ್ನ ಮದುವೆಯಲ್ಲೂ ಅವಳು ಹೀಗೇ ಒಳಗಿದ್ದಳು. ಆಗ ಅವಳನ್ನು ಕರೆಯಬೇಕೆಂದು ನನಗೆ ಹೊಳೆದೂ ಇರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಈ ಸಲ ಒಳಗೆ ಹೋಗಿ, ಕೈ ಹಿಡಿದು ಅವಳನ್ನು ಪಡಸಾಲೆಗೆ ಕರೆತಂದೆ. ಹಾಡು ನಿಂತಿತು. ನನ್ನ ಗಂಡನ ಅಕ್ಕ ಹತ್ತಿರ ಬಂದು ಮೆಲ್ಲಗೆ, "ಬ್ಯಾಡವಾ. ನಾಳಿ ಹುಡುಗಿ ಬಾಳಿನ್ಯಾಗ ಏನರ ಹೆಚ್ಚುಕಮ್ಮಿ ಆದ್ರ?" ಎಂದರು.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮಗಳ ಮುಖ ನೋಡಿದ್ದೇ, ಅಕಸ್ಮಾತ್ ಹಾಗೇ ಆಗಿಬಿಟ್ಟರೆ ಎನಿಸಿತು. ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ ನನ್ನ ಹಿಡಿತ ಒಂದು ಗಳಿಗೆ ಸಡಿಲವಾಯಿತು. ಅವ್ವನಿಗೆ ಅದು ತಿಳಿಯಿತು.

"ನಿನಗೂ ಅಂಜಿಕಿ ಐತಿ. ಇರ್ಲಿ ಬಿಡು, ನೀನೂ ತಾಯಿ ಅದೀ," ಎಂದು ಕೈ ಬಿಡಿಸಿಕೊಂಡು ತಿರುಗಿದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು.

ಓಡಿಹೋಗಿ ಮತ್ತೆ ಅವಳ ಕೈ ಹಿಡಿದೆ. ಅದನ್ನು ಅರಿಷಿಣದ ಬಟ್ಟಲಲ್ಲಿ ಅದ್ದಿ ಮಗಳ ಕೆನ್ನೆಗೆ ಒತ್ತಿದೆ. ನನ್ನ ಅಂಜಿಕೆ ಹೋಗಿರಲಿಲ್ಲ. ಆದರೂ ಆ ಕೈಯನ್ನು ಬಿಡಲಿಲ್ಲ.