ಕುದಿಸಿದ ಹೆಪ್ಪು

ಸ್ನೇಹಿತರೇ, ಇಂದು ಬೆಳಿಗ್ಗೆ ನಮ್ಮ ಯಜಮಾನರು ಪಕ್ಕದ ಮನೆಯ ಜಯಮ್ಮನ ಹತ್ತಿರ ಜಗಳಕ್ಕೆ ಹೋದರು.

"ನಿಮ್ಮ ಹೆಪ್ಪು ಸರಿಯಿಲ್ಲ. ಹಾಲು ಹಾಲಾಗಿಯೇ ಇದೆ!"

ಇವರು ಬಾಗಿಲ ಚಿಲಕ ಮುಟ್ಟಿದರೂ ಸೋಪು ಹಾಕಿ ಕೈ ತೊಳೆಯುವವರು. ಮಗಳನ್ನು ಮಣ್ಣು ಮುಟ್ಟಲೂ ಬಿಡುವುದಿಲ್ಲ. ಅವಳಿಗೋ ಸದಾ ಹೊಟ್ಟೆ ಕೆಟ್ಟಿರುತ್ತದೆ. ನಿನ್ನೆ ಹಾಸನದ ಡಾಕ್ಟರು, "ಹೊಟ್ಟೇಲಿ ಒಳ್ಳೆ ಕ್ರಿಮಿಗಳೂ ಇರಬೇಕು ಸ್ವಾಮಿ. ಮಗು ಮಣ್ಣಲ್ಲಿ ಆಡಲಿ, ಮನೆ ಮೊಸರು ತಿನ್ನಲಿ" ಎಂದಿದ್ದರು. ಅದಕ್ಕೇ ಈ ಹೆಪ್ಪು.

"ನಮ್ಮತ್ತೆ ದಂಡಿಗನಹಳ್ಳಿಯಿಂದ ತಂದಿದ್ದು ಕಣ್ ಸಾ, ಒಂದಿನಾನೂ ಕೈಕೊಟ್ಟಿಲ್ಲ. ನೀವೇನ್ ಮಾಡುದ್ರಿ?"

"ಕ್ರಿಮಿ ಇರಬಾರದು ಅಂತ ಚೆನ್ನಾಗಿ ಕುದಿಸಿ ಹಾಕಿದೆ."

"ಅಯ್ಯೋ, ಕುದ್ಸುದ್ರೆ ಅದು ಸತ್ತೋಯ್ತದೆ ಕಣ್ ಸಾ!"

ಅಷ್ಟರಲ್ಲಿ ಮಗಳು ಜಯಮ್ಮನ ಜಗಲಿಯಲ್ಲಿ ಮಣ್ಣುಗೈಯಲ್ಲೇ ಮೊಸರನ್ನ ಮುಗಿಸಿದ್ದಳು. ಚಿಕಿತ್ಸೆ ಆಗಲೇ ಶುರುವಾಗಿರುವುದು ಇವರಿಗಿನ್ನೂ ಗೊತ್ತಿಲ್ಲ.