ಮಧ್ಯಾಹ್ನದಿಂದ ಬದಲಾಗದ ಸೊನ್ನೆ

2002ರ ಜುಲೈ ತಿಂಗಳ ಒಂದು ಬುಧವಾರ ಮಧ್ಯಾಹ್ನ, ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಸರ್ಕಾರಿ ಶುಲ್ಕದ ಸೀಟುಗಳೆಲ್ಲ ಮುಗಿದಿವೆ ಎಂದು ಸಿಇಟಿ ವೆಬ್‌ಸೈಟ್ ತೋರಿಸಿತು.

ನಾನಾಗ ಊರಿನ ಸಣ್ಣ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕ. ಬೆಂಗಳೂರಿನಲ್ಲಿ ಕೌನ್ಸೆಲಿಂಗ್ ನಡೆಯುವಷ್ಟು ದಿನವೂ ಎಲ್ಲಿ ಎಷ್ಟು ಸೀಟು ಉಳಿದಿದೆ ಎಂದು ಬರೆಯುವುದು ನನ್ನ ಪಾಲಿಗೆ ಬಂದಿತ್ತು. ವೆಬ್‌ಸೈಟಿನ ಆ ಪುಟದಲ್ಲಿ ಹೊಸ ಅಂಕಿ ಬಂದರೆ ಹಳೆಯದು ಉಳಿಯುತ್ತಿರಲಿಲ್ಲ. ಹಾಗಾಗಿ ಗಂಟೆಗೊಮ್ಮೆ ಕಚೇರಿಯಿಂದ ಇಳಿದು ದುರ್ಗಿಗುಡಿಯ ಸೈಬರ್ ಕೆಫೆಗೆ ಹೋಗಿ, ಪುಟ ತೆರೆದು, ಫೈಲಿನ ಹೆಸರಿಗೆ ದಿನಾಂಕ ಮತ್ತು ಗಂಟೆ ಸೇರಿಸಿ ಫ್ಲಾಪಿಯಲ್ಲಿ ಉಳಿಸಿಕೊಳ್ಳುತ್ತಿದ್ದೆ.

ಸಪ್ಪೆ ಕೆಲಸ ಎಂದುಕೊಂಡಿದ್ದು ಎರಡೇ ದಿನಕ್ಕೆ ಚಟವಾಯಿತು. ಎರಡು ಫೈಲುಗಳನ್ನು ಒಂದರ ಪಕ್ಕ ಒಂದು ತೆರೆದರೆ, ಆ ಒಂದು ಗಂಟೆಯಲ್ಲಿ ರಾಜ್ಯದ ಹುಡುಗರೆಲ್ಲ ಯಾವ ಕಡೆ ನುಗ್ಗಿದರೆಂದು ಕಾಣುತ್ತಿತ್ತು. ಕೆಲವೊಮ್ಮೆ ಅಂಕಿ ಏರುವುದೂ ಇತ್ತು. ಯಾರಾದರೂ ಪಡೆದ ಸೀಟು ಬಿಟ್ಟರೆ ಅದು ಪಟ್ಟಿಗೆ ಮರಳುತ್ತಿತ್ತು.

"ಗಂಟೆಗೊಂದ್ಸಲ ಬರ್ತೀಯಲ್ಲ ಮಾರಾಯ, ಆ ಪೇಜಿಗೇನು ಬಾಣಂತನ ಮಾಡ್ತಿದೀಯಾ?" ಎಂದು ಕೆಫೆಯ ಮಾಲೀಕ ರೇಗಿಸುತ್ತಿದ್ದ.

ನಮ್ಮ ಪತ್ರಿಕೆಯ ಪುಟ ಕಟ್ಟುತ್ತಿದ್ದ ಮಹಿಳಾ ಸಹೋದ್ಯೋಗಿ ಭದ್ರಾವತಿಯ ಕಾಗದನಗರದಿಂದ ಬರುತ್ತಿದ್ದರು. ಅವರ ತಂಗಿಯ ಸರದಿ ಗುರುವಾರ ಬೆಳಿಗ್ಗೆ ಇತ್ತು. ಮನೆಯಿಂದಲೇ ಓಡಾಡುವ ಕಾಲೇಜಾದರೆ ಇಂಜಿನಿಯರಿಂಗ್, ಇಲ್ಲದಿದ್ದರೆ ಊರಲ್ಲೇ ಬಿಎಸ್ಸಿ ಎಂದು ಅವರ ತಂದೆ ಹೇಳಿಬಿಟ್ಟಿದ್ದರು. ಹಾಗೆ ಓಡಾಡಲು ಆಗುತ್ತಿದ್ದುದು ಈ ಒಂದು ಕಾಲೇಜಿಗೆ. ಅಲ್ಲಿ ಎಲೆಕ್ಟ್ರಾನಿಕ್ಸ್ ಬಿಟ್ಟು ಉಳಿದ ವಿಭಾಗಗಳು ಮೊದಲೇ ತುಂಬಿದ್ದವು.

ಸೊನ್ನೆಯ ಸುದ್ದಿಯನ್ನು ಸಹೋದ್ಯೋಗಿ ಮನೆಯ ಪಕ್ಕದ ಕ್ವಾರ್ಟರ್ಸಿಗೆ ಫೋನ್ ಮಾಡಿ ಮನೆಯವರಿಗೆ ತಿಳಿಸಿದರು. ಸುಮ್ಮನೆ ಬೆಂಗಳೂರಿಗೆ ಯಾಕೆ ಹೋಗುವುದು ಎಂದು ತಂದೆ ಪ್ರಯಾಣ ಕೈಬಿಟ್ಟರು.

ಸಂಜೆ ವರದಿ ಬರೆಯಲು ಮಧ್ಯಾಹ್ನದ ನಂತರದ ಫೈಲುಗಳನ್ನು ಕಚೇರಿಯಲ್ಲಿ ತೆರೆದೆ. ಶಿವಮೊಗ್ಗದ ಸೊನ್ನೆ ಸೊನ್ನೆಯಾಗಿಯೇ ಇತ್ತು. ಮೈಸೂರಿನ ಅಂಕಿಯೂ ಕದಲಿರಲಿಲ್ಲ. ಹುಬ್ಬಳ್ಳಿಯದೂ ಅಷ್ಟೆ. ಯಾವ ಸಾಲಿನಲ್ಲೂ ಒಂದಂಕಿಯ ವ್ಯತ್ಯಾಸವಿಲ್ಲ. ಕೌನ್ಸೆಲಿಂಗ್ ನಡೆಯುತ್ತಿರುವಾಗ ಇಡೀ ರಾಜ್ಯದಲ್ಲಿ ಅಷ್ಟು ಹೊತ್ತು ಒಬ್ಬರೂ ಸೀಟು ಆರಿಸದಿರಲು ಸಾಧ್ಯವಿಲ್ಲ. ಮೆಟ್ಟಿಲು ಹಾರಿಕೊಂಡು ಕೆಫೆಗೆ ಓಡಿದೆ.

"ಇವತ್ತೇನಾದ್ರೂ ಬದಲಾಯಿಸಿದೀಯಾ?"

"ಮಧ್ಯಾಹ್ನ ಒಂದು ಸಾಫ್ಟ್‌ವೇರ್ ಹಾಕಿಸ್ದೆ ಅಷ್ಟೆ. ಒಬ್ರು ನೋಡಿದ್ ಪೇಜನ್ನ ನಮ್ ಮಿಷಿನ್ನಲ್ಲೇ ಇಟ್ಕೊಳುತ್ತೆ. ಮತ್ತೆ ಯಾರಾದ್ರೂ ಕೇಳಿದ್ರೆ ಅಲ್ಲಿಂದಾನೇ ಕೊಡುತ್ತೆ. ಬೇಗ ಬರುತ್ತೆ."

"ಅಂದ್ರೆ ನಾನು ಇಷ್ಟೊತ್ತು ನೋಡಿದ್ದು?"

"ನೀನೇ ಮೊದ್ಲು ತೆಗ್ದಿದ್ ಪೇಜು ಮಾರಾಯ."

ಅದನ್ನು ತೆಗೆಸಲು ಹಾಕಿಕೊಟ್ಟವನೇ ಬರಬೇಕಿತ್ತು; ಸುತ್ತಲಿನ ಕೆಫೆಗಳಿಗೂ ಅವನೇ ಹಾಕಿದ್ದನಂತೆ. ಒಂದೇ ಮೂಲ ನಂಬಿ ಸುದ್ದಿ ಮಾಡುವಂತಿಲ್ಲ ಎಂಬುದು ನಮ್ಮ ಕಚೇರಿಯ ನಿಯಮ. ಇನ್ನೊಂದು ಮೂಲ ಭದ್ರಾವತಿಯಲ್ಲಿ ಸಿಗಬಹುದಿತ್ತು. ಸಹೋದ್ಯೋಗಿ ಪಕ್ಕದ ಕ್ವಾರ್ಟರ್ಸಿನ ಫೋನಿಗೆ ಕರೆ ಮಾಡಿ, ತಂಗಿಯನ್ನು ಅಲ್ಲಿನ ಕೆಫೆಗೆ ಓಡಿಸಿದರು. ನಾವಿಬ್ಬರೂ ಕಚೇರಿಯ ಫೋನಿನ ಮುಂದೆ ನಿಂತೆವು. ಅದು ರಿಂಗಾಗಿದ್ದೇ ತಡ, ಅವರು ಎತ್ತಿ ರಿಸೀವರನ್ನು ನನಗೂ ಕೇಳುವಂತೆ ಹಿಡಿದರು.

"ಅಕ್ಕಾ, ಎರಡು ಅಂತ ಇದೆ."

"ಸರಿಯಾಗ್ ನೋಡೇ. ಯಾವ ಕಾಲೇಜಿನ ಸಾಲು?"

"ಓದಕ್ಕೆ ಬರುತ್ತಕ್ಕಾ ನಂಗೆ."

ಮೈಸೂರಿನ ಸಾಲು ಓದು ಎಂದೆ. ಓದಿದಳು. ನನ್ನ ಫೈಲಿನಲ್ಲಿದ್ದುದಕ್ಕಿಂತ ಕಡಿಮೆ. ಹುಬ್ಬಳ್ಳಿಯದೂ ಬೇರೆ. ಮಧ್ಯಾಹ್ನದ ನಂತರ ಯಾರೋ ಇಬ್ಬರು ಶಿವಮೊಗ್ಗದ ಸೀಟು ಬಿಟ್ಟಿದ್ದರು.

"ಆ ಪೇಜನ್ನ ಫ್ಲಾಪಿಗೆ ಹಾಕಿಸ್ಕೋ," ಎಂದೆ.

"ಫ್ಲಾಪಿ ಅಪ್ಪನಿಗೇನ್ ಗೊತ್ತಾಗುತ್ತೆ ಅಣ್ಣಾ? ಪ್ರಿಂಟೇ ಹೊಡಿಸ್ತೀನಿ."

ಪ್ರಿಂಟು ನೋಡಿದ ತಂದೆ, "ಬೆಳಿಗ್ಗೆ ತನಕ ಇರುತ್ತಾ ಇದು?" ಎಂದು ಕೇಳಿದರಂತೆ. ಆದರೂ ಅಪ್ಪ, ಮಗಳು ರಾತ್ರಿಯ ಬಸ್ಸು ಹತ್ತಿದರು.

ಗುರುವಾರ ಕೆಫೆಯವನು ಬೆಳಿಗ್ಗೆಯೇ ಆ ಸಾಫ್ಟ್‌ವೇರ್ ತೆಗೆಸಿದ್ದ. ನಾನು ಕುರ್ಚಿ ಬಿಟ್ಟು ಏಳಲಿಲ್ಲ; ಸಹೋದ್ಯೋಗಿ ಹಿಂದೆಯೇ ನಿಂತಿದ್ದರು. ಪುಟ ಮೊದಲು ಎರಡು ಎಂದು ತೋರಿಸಿತು. ಉಳಿಸಿಕೊಂಡೆ. ಮತ್ತೆ ತರಿಸಿದಾಗಲೂ ಎರಡು. ಆಮೇಲೆ ಒಂದಾಯಿತು.

"ಅವಳದೇನಾ ಸಾರ್?"

ಸೀಟು ಯಾರ ಪಾಲಾಯಿತು ಎಂಬುದು ಪುಟದಲ್ಲಿ ಇರುತ್ತಿರಲಿಲ್ಲ. ಅದನ್ನೂ ಉಳಿಸಿಕೊಂಡು ಮತ್ತೆ ತರಿಸಿದೆ. ಸೊನ್ನೆ.

ಎದ್ದು ಕಚೇರಿಗೆ ಬಂದೆವು. ಊಟದ ಹೊತ್ತಿಗೆ ಬೆಂಗಳೂರಿನ ಫೋನ್ ಬೂತಿನಿಂದ ತಂದೆಯ ಕರೆ ಬಂತು.

"ಸಿಕ್ತಮ್ಮ. ನಮ್ಮದಾದ್ಮೇಲೆ ಒಂದೇ ಉಳಿದಿತ್ತು. ಇವಳು ಅಳ್ತಾ ಕೂತಿದಾಳೆ, ಆಮೇಲೆ ಮಾತಾಡ್ತಾಳಂತೆ."

ತಂಗಿ ನಾಲ್ಕು ವರ್ಷ ಭದ್ರಾವತಿಯಿಂದ ಬಸ್ಸಿನಲ್ಲಿ ಓಡಾಡಿ ಪದವಿ ಮುಗಿಸಿದಳು. ಈಗ ಅದೇ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದಾಳೆ.